ಅತ್ತೆಯ ದನಿಗೊಂದು ಗಿಟಾರ್

ಗಂಟಲಿನ ಆಪರೇಷನ್ ಆಗಿ ಆರು ತಿಂಗಳಾದ ಮೇಲೆ ಅತ್ತೆ ಮೊದಲ ಸಲ ಹಾಡಲು ಕೂತಾಗ ಎರಡನೇ ಸಾಲಿಗೇ ದನಿ ಒಡೆಯಿತು. ತಾಂಡೂರಿನಲ್ಲಿ ಆಕೆಯ ಮೊಮ್ಮಗಳ ಮದುವೆಗೆ ಇನ್ನು ಹನ್ನೆರಡೇ ದಿನ. ಅಲ್ಲಿ ಒಂದು ಹಾಡು ಹಾಡುತ್ತೇನೆಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಅಪ್ಪನ ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ಹಾಡಿದವಳು. ಪಕ್ಕದಲ್ಲಿ ನಿಂತು ಅಪ್ಪ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಆ ಗಿಟಾರ್ ನನ್ನ ಪಾಲಿಗೆ ಬಂತು. ಅಂದು ಅತ್ತೆಯ ಹಾಡಿಗೆ ಅದನ್ನೇ ನುಡಿಸುತ್ತಿದ್ದೆ.

"ಇದು ಚುಚ್ಚತದ ತಮ್ಮಾ," ಅಂದಳು, ಜಹೀರಾಬಾದಿನ ನಮ್ಮ ಮನೆಯಲ್ಲಿ. "ನಿಮ್ಮಪ್ಪ ಬಾರಿಸಿದ್ರ ನನ್ ದನಿ ಕೂಡಾಕ ಜಾಗ ಇರ್ತಿತ್ತು. ಅಂಥಾದ್ದು ಬಂದ್ರ ಹಾಡ್ತೀನಿ. ಇಲ್ಲಂದ್ರ ಬ್ಯಾಡ."

ಗಿಟಾರ್ ಅದೇ ಇತ್ತು, ಅದರ ದನಿ ಹೊರಡಿಸುತ್ತಿದ್ದ ಅಪ್ಪನ ಆಂಪ್ಲಿಫೈಯರ್ ಇರಲಿಲ್ಲ. ಆ ಹಳೆಯ ವಾಲ್ವ್ ಪೆಟ್ಟಿಗೆಯನ್ನು ಮನೆ ಬದಲಿಸುವಾಗ ನಾನೇ ಗುಜರಿಗೆ ಹಾಕಿದ್ದೆ. ಹಾಗೆಂದು ಹೇಳಿದೆ. ಅತ್ತೆ ಬಯ್ಯಲಿಲ್ಲ, ಎದ್ದು ಹೋಗಿ ತೊಗರಿಬೇಳೆ ಆರಿಸುತ್ತ ಕೂತಳು. ಬೈದಿದ್ದರೆ ಎದೆ ಹಗುರಾಗುತ್ತಿತ್ತು.

ಅಂಥದ್ದೊಂದು ಪೆಟ್ಟಿಗೆ ಕೊಳ್ಳುವುದು ಶಾಲಾ ಮಾಸ್ತರನಾದ ನನ್ನ ಕೈಲಾಗದ ಮಾತು. ನನ್ನ ಸಣ್ಣ ಆಂಪಿನ ಗುಂಡಿಗಳನ್ನೆಲ್ಲ ತಿರುಗಿಸಿ ನೋಡಿದೆ. ಫೋನಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಹೊಸ ತಂತಿ ಹಾಕಿದೆ. ದನಿ ಇನ್ನೂ ಹರಿತವಾಯಿತು. ಸ್ಪೀಕರಿಗೆ ಕೌದಿ ಹೊದಿಸಿದೆ; ದನಿಯ ಉಸಿರೇ ಕಟ್ಟಿತು. ಪಾಠದ ನಡುವೆ ಮಾತು ಮರೆತು ನಿಲ್ಲತೊಡಗಿದೆ. ಕಾಯಿಲೆ ಉಳಿಸಿಹೋಗಿದ್ದ ಅಷ್ಟಿಷ್ಟು ದನಿಯನ್ನೂ ನಾನೇ ಕಸಿದೆನೆಂಬ ಸಂಕಟ ಅನ್ನ ಇಳಿಯಗೊಡುತ್ತಿರಲಿಲ್ಲ.

ಆರ್ಕೆಸ್ಟ್ರಾದ ಮೈಕು ನೋಡಿಕೊಳ್ಳುತ್ತಿದ್ದವರೊಬ್ಬರು ನಾರಾಯಣಖೇಡದಲ್ಲಿ ಈಗ ಮಿಕ್ಸರ್, ಫ್ಯಾನು ರಿಪೇರಿ ಮಾಡುತ್ತಾರೆ. ಭಾನುವಾರ ಗಿಟಾರ್, ಆಂಪ್ ಎರಡನ್ನೂ ಬಸ್ಸಿಗೆ ಹೇರಿಕೊಂಡು ಹೋದೆ.

"ಹ್ಯಾಂಗರ ಮಾಡಿ ಆ ದನಿ ತರಿಸ್ರಿ ಕಾಕಾ," ಎಂದು ಎರಡನ್ನೂ ಅವರ ಮುಂದಿಟ್ಟೆ.

"ಬಾರಸ್ರಿ, ನೋಡಮು," ಅಂದರು. ಎರಡು ಸಾಲಿಗೇ ಕೈ ಎತ್ತಿ ನಿಲ್ಲಿಸಿದರು. "ಗಿಟಾರಿನ ವಾಲ್ಯೂಮ್ ಯಾಕ ಪೂರಾ ಏರ್ಸೀರಿ? ನಿಮ್ಮಪ್ಪಾರು ಅರ್ಧ ದಾಟ್ತಿದ್ದಿಲ್ಲ."

ಇಳಿಸಿದೆ. ಚುಚ್ಚುವುದು ಕಡಿಮೆಯಾಯಿತು, ಆದರೆ ಅದಲ್ಲ. ಅವರು ಕನ್ನಡಕ ಏರಿಸಿ, ತಂತಿಗಳ ಕೆಳಗಿದ್ದು ನಾದ ಹಿಡಿಯುವ ಪಿಕಪ್ಪಿನ ಸ್ಕ್ರೂ ತಿರುಗಿಸಿದರು. "ತಂತಿಗೆ ಹತ್ತಿ ಕುಂತದ ಇದು. ಜರಾ ದೂರ ಆಗ್ಬೇಕು." ಇಳಿಸುವುದು, ಕೇಳುವುದು, ತಲೆಯಾಡಿಸುವುದು, ಮತ್ತೆ ಇಳಿಸುವುದು. ಊಟದ ಹೊತ್ತು ಮೀರಿತು. ಆಗದ ಕೆಲಸವೆಂದು ನಾನು ಗಿಟಾರ್ ಕೆಳಗಿಡಲು ಹೋದೆ.

"ಆ ಪ್ಲಾಸ್ಟಿಕ್ ಬಿಲ್ಲಿ ಒಗೀರಿ. ಹೆಬ್ಬಟ್ಟಿಲೆ ಬಾರಸ್ರಿ, ಕುತ್ತಿಗಿ ಕಡಿ ಸರದು."

ತಂತಿ ಮೀಟುವ ಬಿಲ್ಲೆ ಬದಿಗಿಟ್ಟು, ಗಿಟಾರಿನ ಕತ್ತಿನ ಕಡೆ ಕೈ ಸರಿಸಿ ಹೆಬ್ಬೆರಳಿನಿಂದ ಮೀಟಿದೆ. ದುಂಡಗಿನ, ಮೆತ್ತನೆಯ, ಅಂಚಿನಲ್ಲಿ ತುಸು ಒರಟಾದ ನಾದವೊಂದು ಎದ್ದಿತು.

ಅವರು ಕನ್ನಡಕ ಇಳಿಸಿ ಅಂದರು: "ನಿಮ್ಮಪ್ಪಾರ್ದಲ್ಲ ಇದು. ಆದ್ರ ಅಕ್ಕಾರಿಗೆ ಸಾಕಾಗ್ತದ."

ನಾನು ಮರಳುವಷ್ಟರಲ್ಲಿ ಅತ್ತೆ ಮದುವೆ ಕೆಲಸವೆಂದು ತಾಂಡೂರಿಗೆ ಹೋಗಿಬಿಟ್ಟಿದ್ದಳು. ಒಮ್ಮೆಯೂ ಕೇಳಿಸಲಾಗಲಿಲ್ಲ. ಮದುವೆಯ ದಿನ ಅಕ್ಷತೆ ಬಿದ್ದ ಮೇಲೆ ಜನ ಊಟಕ್ಕೆ ಏಳುತ್ತಿದ್ದಾಗ, ಅತ್ತೆಯನ್ನು ಕೇಳದೆಯೇ ಆಕೆಯ ಹಾಡು ನುಡಿಸತೊಡಗಿದೆ. ಹೆಬ್ಬೆರಳು ಬೆವರಿ ತಂತಿಯಿಂದ ಜಾರುತ್ತಿತ್ತು. ಅತ್ತೆ ಬರಲಿಲ್ಲ. ಇನ್ನೊಂದು ಸುತ್ತು ನುಡಿಸಿದೆ. ಆಗ ಮೊಮ್ಮಗಳ ಹತ್ತಿರದಿಂದ ಎದ್ದು, ಸೆರಗು ಸರಿಮಾಡಿಕೊಂಡು ಬಂದು ಮೈಕಿನ ಮುಂದೆ ನಿಂತಳು.

ಎರಡನೇ ಸಾಲಿನಲ್ಲಿ ದನಿ ನಡುಗಿತು; ಒಡೆಯಲಿಲ್ಲ. ಮೇಲಿನ ಸ್ವರಕ್ಕೆ ಬಂದಾಗ ಬಾಯಿ ಮುಚ್ಚಿ ನನ್ನತ್ತ ನೋಡಿದಳು. ಆ ಸಾಲನ್ನು ಗಿಟಾರಿನಲ್ಲಿ ನಾನು ದಾಟಿಸಿದೆ. ಮುಂದಿನ ಸಾಲಿಗೆ ತಾನೇ ಬಂದು ಸೇರಿಕೊಂಡಳು. ಅರ್ಧ ಜನ ಊಟಕ್ಕೆ ಹೋಗಿಯಾಗಿತ್ತು.

ಹಾಡು ಮುಗಿದ ಮೇಲೂ ಅತ್ತೆ ಮೈಕು ಬಿಡಲಿಲ್ಲ. "ಇನ್ನೊಂದು ಹಿಡಿ ತಮ್ಮಾ," ಅಂದಳು. "ಶ್ರುತಿ ಕೆಳಗ ತೊಗೊ."