ಕುಪಾಂಗ್ ಊರಿನ ಗೋಡೆ ಮತ್ತು ನಮ್ಮ ವ್ಯಾಸರಾಯರು

ಕೊಯಮತ್ತೂರಿನ ಕಾಲೇಜುಗಳಲ್ಲಿ ಭೂಗೋಳವೆಂದರೆ ನದಿ, ರಾಜಧಾನಿಗಳ ಬಾಯಿಪಾಠವಾಗಿದ್ದ ಕಾಲದಲ್ಲಿ, ಮನುಷ್ಯರನ್ನು ಮಾತನಾಡಿಸುವ ಹಾಗೆ ಊರನ್ನೂ ಮಾತನಾಡಿಸಬೇಕೆಂದು ಕಲಿಸಿದವರು ಪ್ರೊಫೆಸರ್ ವ್ಯಾಸರಾಯರು. ಅಂಥವರ ನಿವೃತ್ತಿಯ ಲೇಖನವನ್ನು ಸಂತೋಷದಿಂದ ಬರೆಯಬೇಕಿತ್ತು. ನನಗೆ ಬಂದಿರುವುದು ಸಿಟ್ಟು. ಮನೆಮಾತು ಕನ್ನಡವಾದರೂ ಬರೆಯುವ ಕನ್ನಡ ನಾನೇ ಕಲಿತದ್ದು. ಸಂಪಾದಕರು ತಪ್ಪು ತಿದ್ದಲಿ, ಸಿಟ್ಟನ್ನು ಮಾತ್ರ ತಿದ್ದದಿರಲಿ.

ಸಿಂಗಾನಲ್ಲೂರಿನ ನಮ್ಮ ಕಾಲೇಜಿಗೆ ಬಂದ ಹೊಸದರಲ್ಲೇ ಅವರು ಪಾಠಕ್ಕೆ ಆರಿಸಿಕೊಂಡದ್ದು ಇಂಡೋನೇಷ್ಯಾದ ಕುಪಾಂಗ್: ತಿಮೋರ್ ದ್ವೀಪದ ಪಶ್ಚಿಮ ತುದಿಯಲ್ಲಿ ಕೊಲ್ಲಿಗೆ ಮುಖಮಾಡಿದ, ಒಂದು ಪ್ರಾಂತ್ಯದ ರಾಜಧಾನಿಯಾದ ನಡುಗಾತ್ರದ ಊರು. ಹವಳದ ಸುಣ್ಣಕಲ್ಲಿನ ನೆಲ, ವರ್ಷದ ಬಹುಪಾಲು ಬಿಸಿಲು, ತಾಳೆಮರ, ನೂಲು ಕಟ್ಟಿ ಬಣ್ಣದಲ್ಲದ್ದಿ ನೇಯುವ ಹೆಂಗಸರು. ಭೂಮಧ್ಯರೇಖೆಗೆ ನಾವು ಉತ್ತರಕ್ಕೆಷ್ಟೋ ಅವರು ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಒಣಗಾಲವಾದ ಜೂನ್ ತಿಂಗಳಲ್ಲೇ ನಾನು ನಮ್ಮ ಮುಂಗಾರಿನ ಹಾಗೆ ಮಳೆ ಸುರಿಸಿ ಬರೆದಾಗ, "ಏನಮ್ಮ ಗೋಪಿಕಾ, ಪಾಲಕ್ಕಾಡಿನ ಗಾಳೀನ ಅಲ್ಲೀತನಕ ಕಳಿಸಿಬಿಟ್ಟೆಯಾ?" ಎಂದು ನಕ್ಕಿದ್ದರು.

ವಿಭಾಗದ ಉದ್ದ ಗೋಡೆಯ ಮೇಲೆ ಆ ಊರು ಚಿತ್ರವಾಗಿ ಬೆಳೆಯಿತು. ಪ್ರತಿ ತಂಡದ ಮಕ್ಕಳು ಒಂದು ಬೀದಿಯನ್ನೋ ಸಂತೆಯನ್ನೋ ಸೇರಿಸಬೇಕು. ಅದಕ್ಕೆ ಮೊದಲು ಸಿಂಗಾನಲ್ಲೂರು ಕೆರೆಯ ಸುತ್ತ ನಡೆದು, ನಮ್ಮ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಜನರನ್ನು ಕೇಳಿ ಬರಬೇಕು.

ನನ್ನ ಓದು ನಿಲ್ಲಿಸಿ ಮಗ್ಗಕ್ಕೆ ಕೂರಿಸಲು ಮನೆಯಲ್ಲಿ ನಿಶ್ಚಯವಾದಾಗ ಸಾರ್ ಬಸ್ಸು ಹಿಡಿದು ನಮ್ಮೂರು ನೆಗಮಂಗೇ ಬಂದರು. "ಏನು ಸಾರ್, ಇವಳೇನು ಆ ಕುಪಾಂಗ್ ಊರಿಗೆ ಸೊಸೆಯಾಗಿ ಹೋಗ್ತಾಳಾ?" ಎಂದು ನಮ್ಮಮ್ಮ ರಾಧಮ್ಮ ಕೆಣಕಿದಳು.

"ಇಲ್ಲಮ್ಮ. ಆ ಊರೋರ ಕಷ್ಟ ಕೇಳೋಕೆ ಕಲಿತೋಳು ನಿಮ್ಮ ಕಷ್ಟಾನೂ ಕೇಳ್ತಾಳೆ."

ಅಮ್ಮ ಮರುದಿನ ಬುತ್ತಿ ಕಟ್ಟಿ ಕಾಲೇಜಿಗೆ ಕಳಿಸಿದಳು. ಇಂದು ನಾನು ತಿರುಪ್ಪೂರಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತೇನೆ.

ಸಾರ್ ನಿವೃತ್ತರಾದ ವಾರವೇ ಕಾಲೇಜಿನ ಆಡಳಿತದವರು ವಿಭಾಗ ಮುಚ್ಚಿದರು. ಕುಪಾಂಗಿನ ಮೇಲೆ ಬಿಳಿ ಬಣ್ಣ ಬಳಿದರು. ಬೀಳ್ಕೊಡುಗೆಯಲ್ಲಿ ಸಾರ್‌ಗೆ ಶಾಲು ಹೊದಿಸಿದ ಕಾಲೇಜಿನ ಕಾರ್ಯದರ್ಶಿಯ ಕೈಯೇ ಆ ಅಪ್ಪಣೆಯನ್ನೂ ಕೊಟ್ಟಿತ್ತು. ಕೇಳಲು ಹೋದ ನಮಗೆ ಆ ತಿರುಮಲೈಸಾಮಿಯವರು, "ಕಣ್ಣಲ್ಲಿ ನೋಡದ ಊರಿಗೆ ಇಷ್ಟು ಅಳುವಾ? ಅಲ್ಲಿ ಅಡ್ಮಿಷನ್ ಕೌಂಟರ್ ಬರುತ್ತಮ್ಮ" ಎಂದರು. ಇದನ್ನು ಹೋಗಿ ಹೇಳಿದಾಗ ಸಾರ್ ಸುಮ್ಮನೆ ಆ ಶಾಲು ಮಡಿಸುತ್ತಿದ್ದರು. ಆ ಸುಮ್ಮನಿರುವಿಕೆಯ ಮೇಲೂ ನನಗೆ ಸಿಟ್ಟಿದೆ, ಸಾರ್.

ನಿಮಗೆ ನೂರು ವರ್ಷ ಆಯುಸ್ಸು ಕೋರುತ್ತೇನೆ, ವಿಶ್ರಾಂತಿಯನ್ನು ಕೋರುವುದಿಲ್ಲ. ಸುದ್ದಿ ಕೇಳಿದ ಅಮ್ಮ ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ: "ಸಾರ್‌ಗೆ ಹೇಳು ನನ್ನ ಕಣ್ಣೇ, ನಮ್ಮ ಮಗ್ಗದ ಮನೆ ಗೋಡೆ ಖಾಲಿಯಿದೆ. ಬಂದು ಆ ಊರು ಬರೀಲಿ. ಇಲ್ಲಿ ಯಾವನು ಬಣ್ಣ ಬಳೀತಾನೋ ನಾನೂ ನೋಡ್ತೀನಿ."