ಅಮ್ಮನ್ನ ಕಳಿಸಿದ ಮೇಲೆ ಹೋದವರು

ನಮ್ಮ ಓಣಿಯಲ್ಲಿ ದಡಾರದಿಂದ ಒಂದು ಕೂಸೂ ಸತ್ತಿಲ್ಲ ಅಂತ ಸರ್ಕಾರಿ ರಿಜಿಸ್ಟರ್‌ನಲ್ಲಿ ಬರೆದಿತ್ತು. ಅದು ಸುಳ್ಳು. ಬರೆಸಿದವಳು ನಾನು.

ಬೇಕಂತ ಹೇಳಿದ್ದಲ್ಲ. ಆದರೂ ಸುಳ್ಳು ಸುಳ್ಳೇ.

ಪೋಲಿಯೋ ಹನಿ ಹಾಕಲು ನಮ್ಮ ತಂಬ್ರಹಳ್ಳಿಗೆ ಬರುವ ಸಿಸ್ಟರ್ ಶಾಂತಮ್ಮ ಹೋದ ವಾರ ಉದ್ದನೆಯ ರಿಜಿಸ್ಟರ್ ಹಿಡಿದು ಬಂದಳು. ದಡಾರ ಎಷ್ಟು ಮಕ್ಕಳಿಗೆ ಬಂತು, ಅದರಲ್ಲಿ ಎಷ್ಟು ಹೋದವು, ಮನೆಮನೆಗೆ ಕೇಳಬೇಕಂತೆ. ಮೊದಲ ನಾಲ್ಕು ಮನೆಯಲ್ಲಿ ಅಂಥ ರೋಗ, ಬ್ಯಾನಿ ಯಾರಿಗೂ ಇಲ್ಲ ಅಂದು ಕಳಿಸಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ತೂಗುತ್ತಿದೆ, ಒಳಗೆ ಕೂಸಿನ ಮೈಯೆಲ್ಲ ಕೆಂಪಗೆ ಎದ್ದಿದೆ, ಬ್ಯಾನಿ ಮಾತ್ರ ಇಲ್ಲ.

ಅವರು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಅದು ಬ್ಯಾನಿ ಅಲ್ಲ, ಅಮ್ಮ. ಅಮ್ಮ ಬಂದಾಳ ಅಂತೀವಿ. ಆಕೆ ಇರುವಷ್ಟು ದಿನ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಎದ್ದದ್ದು ಬಾಡಿದ ಮೇಲೆ ಕೂಸಿಗೆ ಬೇವಿನ ನೀರು ಎರೆದು, ಮೊಸರನ್ನದ ಎಡೆ ಮಾಡಿ ಅಮ್ಮನ್ನ ಕಳಿಸುತ್ತೇವೆ. ಅಲ್ಲಿಗೆ ಮುಗಿಯಿತು. (ಬೀಗರನ್ನು ಸಹ ಇಷ್ಟು ಮರ್ಯಾದೆಯಿಂದ ಕಳಿಸುವುದಿಲ್ಲ.)

ಕೊನೆಗೆ ಶಾಂತಮ್ಮ ನನ್ನನ್ನು ಹಿಡಿದಳು. ಓಣಿಗೆ ಹಿರಿಯಳು, ಯಾರ ಮನೆಯಲ್ಲಿ ಏನಾಯಿತು ಅನ್ನುವುದು ನನಗೆ ಗೊತ್ತು. ಕಟ್ಟೆ ಮೇಲೆ ಕೂತು ಹೇಳಿದೆ, ಹದಿನಾಲ್ಕು ಮಕ್ಕಳಿಗೆ ಬಂದಿತ್ತು, ಯಾವುದೂ ಅದರಿಂದ ಹೋಗಲಿಲ್ಲ. ಹಿಂದಿನ ಮನೆಯ ಹನುಮಕ್ಕನ ಹುಡುಗ ತೀರಿಕೊಂಡನಲ್ಲ ಅಂತ ಕೇಳಿದಳು. ಅವನು ಹೋದದ್ದು ಭೇದಿಯಿಂದ ಅಂದೆ. ಬರೆದುಕೊಂಡಳು.

ಚಹಾ ಕುಡಿಯುತ್ತಾ ಲೆಕ್ಕ ಓದಿದಳು. ನಮ್ಮ ಓಣಿ: ಬಂದದ್ದು ಹದಿನಾಲ್ಕು, ಸತ್ತದ್ದು ಸೊನ್ನೆ. ಕೆಳಗೇರಿ: ಬಂದದ್ದೂ ಸೊನ್ನೆ, ಸತ್ತದ್ದೂ ಸೊನ್ನೆ. (ಅರ್ಧ ಕೇರಿ ಕೂಲಿ ಹುಡುಕಿ ದೂರದೂರಿಗೆ ಗುಳೆ ಹೋಗಿದೆ. ಬಾಗಿಲಿನ ಬೀಗವನ್ನು ಕೇಳಿದರೆ ಅದೇನು ಹೇಳೀತು?) ಪ್ಯಾಟಿಯ ಆಸ್ಪತ್ರೆ: ಒಯ್ದದ್ದು ಐದು, ತೀರಿದ್ದು ಎರಡು. ಅಲ್ಲಿನ ಡಾಕ್ಟರು ಈ ಸಲದ ದಡಾರ ಭಾರಿ ಕೆಟ್ಟದ್ದು ಅನ್ನುತ್ತಾರಂತೆ. ಆಫೀಸಿನವರು ಹಳ್ಳಿಯಲ್ಲಿ ಏನೂ ಇಲ್ಲ ಬಿಡ್ರಿ ಅನ್ನುತ್ತಾರಂತೆ.

ಯಾರದು ಖರೆ? ನಾವು ಆಸ್ಪತ್ರೆಗೆ ಒಯ್ಯುವುದೇ ಕೂಸು ಕಣ್ಣು ತೇಲಿಸಿದ ಮೇಲೆ. ಅಲ್ಲಿ ನಿಂತು ಎಣಿಸಿದರೆ ದಡಾರ ಹುಲಿ. ನಮ್ಮ ಕಟ್ಟೆ ಮೇಲೆ ಕೂತು ಎಣಿಸಿದರೆ ಬೆಕ್ಕು. ಮನೆಯಲ್ಲಿ ಹಾಲು ಮೊಸರು ಉಂಡ ಕೂಸಿಗೆ ಅದು ಒಂದು ಥರ, ಗುಳೆ ಹೋದಲ್ಲಿ ತಾಯಿ ಸೊರಗಿ ತಾನೂ ಸೊರಗಿದ ಕೂಸಿಗೆ ಇನ್ನೊಂದು ಥರ. ಇಷ್ಟು ತಿಳಿಯಲು ಪರ್ಸೆಂಟ್ ಕಲಿತಿರಬೇಕೇ?

ಹೀಗೆ ನಾನು ಭಾರಿ ಶಾಣ್ಯಾಕಿಯ ಹಾಗೆ ಮಾತಾಡುತ್ತಿದ್ದಾಗ ಶಾಂತಮ್ಮ ಲೋಟ ಕೆಳಗಿಟ್ಟಳು.

"ಅಜ್ಜಿ, ಮೈಮ್ಯಾಲೆ ಎದ್ದು ಒಂದು ತಿಂಗಳದಾಗ ಕೂಸು ಭೇದಿಯಾಗಿ ಹೋದ್ರೂ, ಕೆಮ್ಮು ಬಂದು ಹೋದ್ರೂ ಅದು ದಡಾರದ ಲೆಕ್ಕನ. ಮೈಯಾಗಿನ ಶಕ್ತಿ ಅದು ಮೊದಲ ತಿಂದಿರತೈತಿ."

ನಾನು ಬೆರಳು ಮಡಚಿ ದಿನ ಎಣಿಸಿದೆ. ಹನುಮಕ್ಕನ ಹುಡುಗ ಹೋದದ್ದು ಅಮ್ಮನ್ನ ಕಳಿಸಿದ ಹನ್ನೆರಡನೇ ದಿನ.

ಸೊನ್ನೆ ಇದ್ದರೆ ಏನಾಯಿತು ಅಂತೀರಾ? ಸಾವು ಆದ ಊರಿಗೆ ಚುಚ್ಚುಮದ್ದಿನ ಜೀಪು ಮೊದಲು ಬರುತ್ತದೆ. ಸೊನ್ನೆಯ ಊರು ಪಟ್ಟಿಯ ಬುಡಕ್ಕೆ ಹೋಗುತ್ತದೆ. ಪಕ್ಕದ ಓಣಿಯಲ್ಲಿ ಈಗಲೂ ಹೊಸದಾಗಿ ಏಳುತ್ತಿದೆ. ಹನುಮಕ್ಕನ ಕಂಕುಳಲ್ಲಿ ಒಂಬತ್ತು ತಿಂಗಳ ಹೆಣ್ಣು ಕೂಸಿದೆ. ಅಣ್ಣನಿಗೆ ಎದ್ದಾಗ ಅದು ಹೇಗೋ ತಪ್ಪಿಸಿಕೊಂಡಿತು. ಎರಡನೇ ಸಲವೂ ತಪ್ಪಿಸಿಕೊಳ್ಳುತ್ತದೆ ಅಂತ ಬರೆದುಕೊಟ್ಟವರು ಯಾರು?

ತಿದ್ದಿಬಿಡು ಅಂದೆ. ತಾಯಿ ಬಾಯಿಂದ ಬರಬೇಕು, ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ ಅಂದು ಶಾಂತಮ್ಮ ಬಸ್ಸಿಗೆ ಹೋದಳು.

ಸಂಜೆ ಹನುಮಕ್ಕನ ಮನೆಗೆ ಹೋದೆ. ಅತ್ತೆ ಇರಲಿಲ್ಲ. ಹನುಮಕ್ಕ ಜೋಳ ಹಸನು ಮಾಡುತ್ತಿದ್ದಳು. ವಿಷಯ ಹೇಳಿದೆ. ಮೊರ ಪಕ್ಕಕ್ಕೆ ಸರಿಸಿದಳು.

"ನಾ ಹೇಳಂಗಿಲ್ಲ ದೊಡ್ಡವ್ವಾ. ಭೇದಿ ಅಂದ್ರ ಯಾರದೂ ತಪ್ಪಿಲ್ಲ. ಅಮ್ಮ ಒಯ್ದಳು ಅಂದ್ರ, ನೀನ ಮಡಿ ಕೆಡಿಸಿದಿ, ನೀನ ಮಗನ್ನ ತಿಂದಿ ಅಂತಾಳ ನಮ್ಮತ್ತಿ. ಸಾಯೋತನಕ ಅಂತಾಳ."

"ಹೆಸರು ಉಳಿಸ್ಕಂತಿಯೋ, ಇರೋ ಕೂಸು ಉಳಿಸ್ಕಂತಿಯೋ?"

ಒರಟು ಮಾತು. ನನಗೆ ಬರುವುದೇ ಅಂಥದು. ಅವಳು ತಲೆ ಎತ್ತಿ ನನ್ನನ್ನು ನೆಟ್ಟಗೆ ನೋಡಿದಳು.

"ನಿಮ್ಮ ಮನ್ಯಾಗ ಆಗಿದ್ರ ನೀವು ಹೇಳ್ತಿದ್ರೇನು?"

ನಾನು ಎದ್ದು ಬಂದೆ. ಮೂವತ್ತೈದು ವರ್ಷದಿಂದ ನಾನೂ ಕೆಮ್ಮು ಅಂತಲೇ ಹೇಳಿಕೊಂಡು ಬಂದಿದ್ದೆ.

ಮರುದಿನ ಬೆಳಿಗ್ಗೆ ಶಾಂತಮ್ಮ ಬಸ್ಸಿಳಿದ ಕೂಡಲೇ ಅವಳನ್ನು ನಳದ ಹತ್ತಿರ ಕರೆತಂದೆ. ಓಣಿಯ ಹೆಂಗಸರೆಲ್ಲ ಕೊಡ ಸಾಲು ಹಚ್ಚಿದ್ದರು, ಹನುಮಕ್ಕ, ಅವಳ ಅತ್ತೆ ಇಬ್ಬರೂ ಇದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ನನ್ನ ಎರಡನೇ ಮಗಳು ಗಂಗಿ, ನಾಲ್ಕು ವರ್ಷದವಳು, ಅಮ್ಮನ್ನ ಕಳಿಸಿದ ಹದಿನೆಂಟನೇ ದಿನ ಕೆಮ್ಮಿ ಕೆಮ್ಮಿ ಸತ್ತಳು. ಮಡಿ ಒಂದು ಚೂರೂ ಕೆಟ್ಟಿರಲಿಲ್ಲ. ಕೊಂದದ್ದು ದಡಾರ. ಬರಕೋ.

ಅದು ಹಳೇದು ಅಜ್ಜಿ, ಈ ರಿಜಿಸ್ಟರಿಗೆ ಬರುವುದಿಲ್ಲ ಅಂತ ಶಾಂತಮ್ಮ ಮೆಲ್ಲಗೆ ಅಂದಳು.

"ಬರದಿದ್ರ ಬ್ಯಾಡ. ಪೆನ್ನು ಮುಚ್ಚಬ್ಯಾಡ" ಅಂದು, ಹನುಮಕ್ಕನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತೆ.