ರುದ್ರಮ್ಮನ ಕಿವಿಯ ಸೆಲ್ಲು

ಹೋದ ವಾರ ನಮ್ಮ ಗೋಡೆ ಗಡಿಯಾರ ನಿಂತುಹೋಯಿತು. ಸೆಲ್ಲು ಹುಡುಕಲು ಮೇಜಿನ ಖಾನೆ ಎಳೆದರೆ, ನಿಮ್ಮ ಮನೆಯಲ್ಲೂ ಇರುವಂತೆ, ಯಾವುದರದ್ದೆಂದು ಯಾರಿಗೂ ಗೊತ್ತಿಲ್ಲದ ನಾಲ್ಕಾರು ಚಾರ್ಜರುಗಳು ಒಂದರ ವೈರಿಗೆ ಇನ್ನೊಂದು ಸುತ್ತಿಕೊಂಡು ಬಿದ್ದಿದ್ದವು. ನನ್ನ ಹೆಂಡತಿ ಒಂದನ್ನು ಬಿಡಿಸಿ, ರೀಚಾರ್ಜ್ ಸೆಲ್ಲನ್ನು ಅದರೊಳಗೆ ಒತ್ತಿ, "ನೋಡಿ, ಸರಿಯಾಗಿ ಕೂತ್ಕೊಳ್ತು. ಇದೇ ಇರ್ಬೇಕು" ಎಂದಳು. ನಾನು ಅದನ್ನು ಅವಳ ಕೈಯಿಂದ ಕಿತ್ತುಕೊಂಡೆ.

"ಕೂತ್ಕೊಂಡ್ರೆ ಸಾಲದು ಕಣೇ."

ನನ್ನ ದನಿಗೆ ಅವಳು ಗಾಬರಿಯಾದಳು. ಏನಾಯಿತೆಂದು ಕೇಳಿದಳು. ಎಷ್ಟೋ ವರ್ಷಗಳಿಂದ ಯಾರಿಗೂ ಹೇಳದಿದ್ದುದನ್ನು ಅವಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ಆಗ ನಾನು ಪಾವಗಡದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಸಂಸಾರ ಮಧುಗಿರಿಯಲ್ಲಿ, ನಾನು ಪಾವಗಡದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ. ಕೆಳಗೆ ರುದ್ರಮ್ಮನ ಹೊಲಿಗೆ ಅಂಗಡಿ. ಆಕೆಗೆ ಎರಡು ಕಿವಿಯೂ ಮಂದ. ಯಾವುದೋ ಶಿಬಿರದಲ್ಲಿ ಕೊಟ್ಟ, ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಯಂತ್ರವನ್ನು ಸೆರಗಿಗೆ ಸಿಕ್ಕಿಸಿಕೊಂಡು, ಅದರ ವೈರನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದಳು. ಹೆಂಗಸರು ಅಳತೆ ಹೇಳುವಾಗ ಯಂತ್ರವನ್ನು ಮೈಕಿನಂತೆ ಅವರ ಮುಂದೆ ಹಿಡಿಯುತ್ತಿದ್ದಳು. ಅದಕ್ಕೆ ಒಂದು ಪೆನ್ಸಿಲ್ ಸೆಲ್ಲು ಬೇಕು. ಸೆಲ್ಲು ಮುಗಿದಾಗಲೆಲ್ಲ ಹೊಲಿಗೆ ಬಿಟ್ಟು ಅಂಗಡಿಗೆ ಹೋಗಬೇಕು.

ಉಪಕಾರ ಮಾಡುವ ಹುಕಿ ನನ್ನದು. ರೀಚಾರ್ಜ್ ಆಗುವ ಸೆಲ್ಲು ತಂದೆ. ಚಾರ್ಜರು ಬೇರೆ ಏಕೆ? ನನ್ನ ದೊಡ್ಡ ಟಾರ್ಚಿನ ಜೊತೆ ಬಂದದ್ದು ಇತ್ತಲ್ಲ! ಅದರ ಸ್ಪ್ರಿಂಗು ಹಿಂದೆ ಮುಂದೆ ಸರಿದು ಯಾವ ಅಳತೆಯ ಸೆಲ್ಲನ್ನಾದರೂ ಹಿಡಿದುಕೊಳ್ಳುತ್ತಿತ್ತು. ಆದರೆ ಅದು ಲಿಥಿಯಂ ಸೆಲ್ಲಿನ ಚಾರ್ಜರು, ನಾನು ತಂದದ್ದು ನಿಕ್ಕಲ್ ಸೆಲ್ಲು. ಲಿಥಿಯಂ ಸೆಲ್ಲಿಗೆ ಬೇಕಾದ ವೋಲ್ಟೇಜು ಇದರ ಮೂರರಷ್ಟು. ಎರಡರ ಮೇಲೂ ಸಣ್ಣಕ್ಷರದಲ್ಲಿ ಬರೆದಿತ್ತು. ವೋಲ್ಟೇಜಿನ ಪಾಠವನ್ನು ವರ್ಷವರ್ಷವೂ ಮಾಡುತ್ತಿದ್ದ ನಾನು ಅದನ್ನು ಓದಲಿಲ್ಲ.

ಭಾನುವಾರ ಬೆಳಿಗ್ಗೆ ಚಾರ್ಜಿಗೆ ಹಾಕಿ ಸಂಜೆ ತೆಗೆದುಕೊಟ್ಟೆ. ರುದ್ರಮ್ಮ ಸೆಲ್ಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾರಿಸಿದಳು.

"ಸುಡ್ತಾ ಐತಲ್ಲ ಮೇಷ್ಟ್ರೇ!"

"ತುಂಬಾ ಚಾರ್ಜ್ ಆಗಿದೆ ಅಂತ ಅರ್ಥ," ಎಂದೆ. ಆ ಉತ್ತರವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಎರಡು ದಿನಕ್ಕೆ ಯಂತ್ರ ಗೊರಗೊರ ಅಂದು ಸುಮ್ಮನಾಯಿತು. ಮುಚ್ಚಳ ತೆಗೆದರೆ ಸೆಲ್ಲು ಸೋರಿ, ಸ್ಪ್ರಿಂಗಿನ ತುಂಬ ಬಿಳಿ ಹಸಿರು ಪುಡಿ. ಒಳಗಿನ ತಂತಿಗಳನ್ನೂ ತಿಂದಿತ್ತು. ಏನಾಯಿತೆಂದು ನನಗೆ ಆ ಕ್ಷಣಕ್ಕೇ ಅರ್ಥವಾಯಿತು. ಹೇಳಲಿಲ್ಲ.

ಅದೇ ತಿಂಗಳು ಶಿಬಿರದವರು ಮತ್ತೆ ಬಂದರು. ರುದ್ರಮ್ಮನ ಜೊತೆಗೆ ನಾನೇ ಹೋದೆ. ಮೇಜಿನ ಹಿಂದೆ ಕೂತವರು, "ಹೆಂಗೆ ಕೆಟ್ಟೋಯ್ತು ಸಾರ್?" ಎಂದು ನನ್ನನ್ನು ಕೇಳಿದರು. ರುದ್ರಮ್ಮ ತುಟಿ ನೋಡಿ ಮಾತು ಹಿಡಿಯುತ್ತಾಳೆಂದು ಗೊತ್ತಿತ್ತು. ಮುಖ ಗೋಡೆ ಕಡೆ ತಿರುಗಿಸಿ, "ಇವರು ನೀರಿಗೆ ಬೀಳಿಸಿದ್ರಂತೆ" ಎಂದೆ. ಹಾಗೇ ಬರೆದುಕೊಡಿ ಎಂದರು. ನನ್ನ ದುಂಡು ಅಕ್ಷರದಲ್ಲಿ ಬರೆದು, ರುಜು ಹಾಕುವ ಜಾಗಕ್ಕೆ ಬೆರಳಿಟ್ಟು ತೋರಿಸಿದೆ.

ಆಕೆ ರುಜು ಹಾಕಲಿಲ್ಲ. ಕುಪ್ಪಸದೊಳಗಿಂದ ಕನ್ನಡಕ ತೆಗೆದು ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು. ಓದಲು ಬರುತ್ತದೆಯೇ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ರುಜು ಹಾಕಿದಳು.

"ಅಜಾಗರೂಕತೆ ಅಂತಾದ್ರೆ ಇನ್ನೊಂದು ಕೊಡಾಕೆ ಬರಲ್ಲ," ಎಂದರು ಅವರು.

ಹೊಲಿಗೆ ಅಂಗಡಿಗೆ ಒಂದು ಸ್ಲೇಟು ಬಂತು. ಅಳತೆಯನ್ನು ಅದರ ಮೇಲೆ ಬರೆಯಬೇಕು. ಬರೆಯಲು ಬಾರದವರು ಕೂಗಿ ಕೂಗಿ ಸಾಕಾಗಿ ಬಸ್ ಸ್ಟ್ಯಾಂಡಿನ ಟೈಲರ್ ಹತ್ತಿರ ಹೋದರು. ನಾನು ಹಿಂದಿನ ಗಲ್ಲಿಯಿಂದ ಓಡಾಡತೊಡಗಿದೆ. ಮಧುಗಿರಿಗೆ ವರ್ಗವಾದ ದಿನ ಹೇಳಿಹೋಗೋಣವೆಂದು ಅಂಗಡಿಯ ಮುಂದೆ ನಿಂತೆ. ರುದ್ರಮ್ಮ ರಸ್ತೆಗೆ ಬೆನ್ನು ಹಾಕಿ ಮಿಷನ್ ತುಳಿಯುತ್ತಿದ್ದಳು. ಒಂದು ಸಲ ಹೆಸರು ಹಿಡಿದು ಕರೆದೆ. ಕೇಳಿಸುವುದಿಲ್ಲವೆಂದು ಗೊತ್ತಿದ್ದೇ ಕರೆದೆ. ಕರೆದೆನೆಂಬ ಸಮಾಧಾನ ಮಾಡಿಕೊಂಡು ಬಸ್ಸು ಹತ್ತಿದೆ.

ಇಷ್ಟನ್ನೂ ಕೇಳಿ ನನ್ನ ಹೆಂಡತಿ, "ನನಗೆ ಹೇಳಿ ಏನು ಬಂತು? ಅವರಿಗೆ ಹೇಳಿದ್ದೀರಾ?" ಎಂದಳು.

ಮೊನ್ನೆ ಭಾನುವಾರ ಪಾವಗಡಕ್ಕೆ ಹೋದೆ. ಅದೇ ಅಂಗಡಿ. ರುದ್ರಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ಕಿವಿಯ ಹಿಂದೆ ವೈರಿಲ್ಲದ ಹೊಸ ಯಂತ್ರ. ಬೆಂಚಿನ ಮೇಲೆ ಇಬ್ಬರು ಹೆಂಗಸರು ಬಟ್ಟೆ ಹಿಡಿದು ಕೂತಿದ್ದರು.

"ಓ, ಮೇಷ್ಟ್ರು! ರಾಂಡಿ ರಾಂಡಿ, ಕುಂತ್ಕಳಿ," ಎಂದು ಆ ಗಡಿಸೀಮೆಯವರಂತೆ ತೆಲುಗು ಬೆರೆಸಿ ಒಳಗೆ ಕರೆದಳು.

ಬಗ್ಗಿ ಮೆಲ್ಲಗೆ, "ಅವತ್ತು ಅದು ನೀರಿಗೆ ಬಿದ್ದಿರಲಿಲ್ಲ ರುದ್ರಮ್ಮ," ಎಂದೆ.

"ಏನಂದ್ರಿ? ಗಟ್ಟಿಯಾಗಿ ಹೇಳಿ."

ನಿಜಕ್ಕೂ ಕೇಳಿಸಲಿಲ್ಲವೋ ಏನೋ, ನನಗೆ ಇನ್ನೂ ಅನುಮಾನ. ನೆಟ್ಟಗೆ ನಿಂತು, ತರಗತಿಯಲ್ಲಿ ಮಾತಾಡುವ ದನಿಯಲ್ಲಿ, ತಪ್ಪು ಚಾರ್ಜರಿಗೆ ಹಾಕಿ ಸೆಲ್ಲು ಕೆಡಿಸಿದವನು ನಾನು, ಸುಳ್ಳು ಬರೆದವನೂ ನಾನೇ ಎಂದೆ. ಬೆಂಚಿನ ಮೇಲಿದ್ದವರಲ್ಲಿ ಒಬ್ಬಾಕೆ ತಲೆಯೆತ್ತಿದಳು.

"ಏಮಕ್ಕಾ, ಕೊಳಾಯಿ ಹತ್ರ ಬೀಳಿಸ್ಬುಟ್ಟೆ ಅಂತ ನೀನೇ ನಮ್ಗೆಲ್ಲ ಹೇಳ್ತಿದ್ದೆಲ್ಲಾ?"

ರುದ್ರಮ್ಮ ಕತ್ತರಿ ಕೆಳಗಿಟ್ಟಳು. "ಇನ್ನೇನು ಹೇಳ್ಲಿ? ನಿಮ್ ಮಕ್ಕಳೆಲ್ಲ ಇವರತ್ರ ಓದ್ತಿದ್ವು. ಮೇಷ್ಟ್ರೇ ಸುಳ್ಳು ಬರೀತಾರೆ ಅಂತ ಹೆಂಗಮ್ಮ ಹೇಳಾದು?"

ಇಷ್ಟು ವರ್ಷ ನಾನು ಗುಟ್ಟು ಕಾಯುತ್ತಿದ್ದೇನೆಂದುಕೊಂಡಿದ್ದೆ. ಕಾದವಳು ಆಕೆ.

"ಹೋಗ್ಲಿ, ಇವತ್ತು ನೀವೇ ಹೇಳುದ್ರಲ್ಲ," ಎಂದಳು ರುದ್ರಮ್ಮ. "ಇನ್ಮ್ಯಾಕೆ ಆ ಸುಳ್ಳು ಹೇಳಾದು ನಂಗೆ ತಪ್ತು."

ಅಷ್ಟು ಹೇಳಿ ಬೆಂಚಿನ ಕಡೆ ತಿರುಗಿ, ಟೇಪು ಕೈಗೆ ತೆಗೆದುಕೊಂಡು, ಸರದಿ ಯಾರದೆಂದು ಕೇಳಿದಳು.